ಐಸ್ ಕಟ್ಟದ ಫ್ರೀಜರ್

ಅಬುಧಾಬಿಯ ನಮ್ಮ ಸಂಶೋಧನಾ ಲ್ಯಾಬಿನಲ್ಲಿ ಮೂರನೆಯ ಸಲವೂ ಕೋಶಗಳು ಸತ್ತವು. ಸತ್ತದ್ದು ತಿಳಿಯುವುದು ನೀಲಿ ಬಣ್ಣದಿಂದ. ಒಂದು ಹನಿ ಕೋಶಗಳಿಗೆ ಒಂದು ಹನಿ ನೀಲಿ ಬೆರೆಸಿ ಮೈಕ್ರೋಸ್ಕೋಪಿನ ಅಡಿಗೆ ಇಡುತ್ತೇವೆ. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ದುಂಡಗೆ ಬೆಳ್ಳಗೆ ಹೊಳೆಯುತ್ತದೆ. ಸತ್ತದ್ದು ನೀಲಿಯಾಗುತ್ತದೆ. ಆ ಸೋಮವಾರ ಬೆಳಿಗ್ಗೆ ನಾನು ಕಂಡದ್ದು ಬರೀ ನೀಲಿ. ನಂಬಲಾಗದೆ ಇನ್ನೊಂದು ಹನಿ ಹಾಕಿ ನೋಡಿದೆ. ಅದೂ ನೀಲಿ.

"ಹೇಗುಂಟು ಮೇಡಂ?" ಹಿಂದೆ ನಿಂತಿದ್ದ ಟೆಕ್ನಿಷಿಯನ್ ಕೇಳಿದರು.

"ನೀವೇ ನೋಡಿ ಮಾರಾಯ್ರೆ," ಎಂದು ಕುರ್ಚಿ ಬಿಟ್ಟು ಎದ್ದೆ. ನನ್ನ ಸಿಟ್ಟು ಅವರಿಗೆ ತಿಳಿಯಲಿ ಎಂದೇ ಹಾಗೆ ಹೇಳಿದ್ದು.

ಅವರು ಕಾರ್ಕಳದ ಕಡೆಯವರು, ನನಗಿಂತ ಎಂಟು ವರ್ಷ ದೊಡ್ಡವರು. ಇಪ್ಪತ್ತು ವರ್ಷ ದುಬೈಯ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ವಿಭಾಗದಲ್ಲಿ ದುಡಿದು, ಒಮ್ಮೆಯಾದರೂ ಸಂಶೋಧನೆಯ ಕೆಲಸ ಮಾಡಬೇಕೆಂಬ ಆಸೆಯಿಂದ ನಮ್ಮಲ್ಲಿಗೆ ಬಂದಿದ್ದರು. ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನು ಹತ್ತು ದಿನ ಇತ್ತು, ಬರುವ ವಾರದ ಗುರುವಾರಕ್ಕೆ. ಪ್ರೊಬೇಷನ್ನಿನಲ್ಲಿ ಕೈಬಿಟ್ಟರೆ ವೀಸಾ ಕ್ಯಾನ್ಸಲ್, ತಿಂಗಳೊಳಗೆ ಊರಿಗೆ ವಿಮಾನ. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಎರಡನೆಯ ವರ್ಷ ಓದುತ್ತಿದ್ದಳು. ನಾನು ಅದೇ ಕಡೆಯ ಶಿರ್ವದವಳು. ಮನೆಯಲ್ಲಿ ಕೊಂಕಣಿ, ಅವರೊಂದಿಗೆ ತುಳುವೂ ಕನ್ನಡವೂ ಬೆರೆತ ಮಾತು. ಲ್ಯಾಬಿನ ಟೆಕ್ನಿಷಿಯನ್‌ಗಳ ಮೇಲ್ವಿಚಾರಣೆ ನನ್ನದು. ಅವರ ಬಗ್ಗೆ ಕೊನೆಯ ವರದಿ ಬರೆಯಬೇಕಾದವಳೂ ನಾನೇ.

ನಾವು ಬೆಳೆಸುತ್ತಿದ್ದದ್ದು ರಕ್ತದ ಬಿಳಿಕೋಶಗಳನ್ನು. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಡಿಮೆ ಇರುವ ಒಂದು ಕುಟುಂಬದವರು ಸಂಶೋಧನೆಗೆಂದು ಕೊಟ್ಟ ರಕ್ತ. ಈ ಕೋಶಗಳು ಮೈಯಿಂದ ಹೊರಗೆ ಬಂದ ಮೇಲೆ ಸುಮ್ಮನೆ ಬೆಳೆಯುವುದಿಲ್ಲ. 'ಬದುಕು, ಎರಡಾಗು' ಎಂದು ಯಾರಾದರೂ ಹೇಳುತ್ತಲೇ ಇರಬೇಕು. ಮೈಯೊಳಗೆ ಹಾಗೆ ಹೇಳುವುದು ಇಂಟರ್‌ಲ್ಯೂಕಿನ್-2 ಎಂಬ ಪ್ರೋಟೀನ್, ಕೋಶದಿಂದ ಕೋಶಕ್ಕೆ ಹೋಗುವ ಸಂದೇಶ. ಅದಕ್ಕೆ ಬೇಕಾದ ಮನುಷ್ಯನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಪ್ರೋಟೀನ್ ಮಾಡಿಸಿ, ಶುದ್ಧಗೊಳಿಸಿ, ಒಣಗಿಸಿ ಪುಟ್ಟ ಗಾಜಿನ ವಯಲ್‌ಗಳಲ್ಲಿ ಮಾರುತ್ತಾರೆ. ವಯಲನ್ನು ಬೆಳಕಿಗೆ ಹಿಡಿದರೂ ಒಳಗೆ ಏನೂ ಇಲ್ಲವೆಂದೇ ಕಾಣುತ್ತದೆ. ತಳದಲ್ಲಿ ಬೆಳ್ಳಗೆ ಒಂದು ಪೊರೆ, ಅಷ್ಟೇ.

ಅದನ್ನು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮುಚ್ಚಳಕ್ಕೆ ಅಂಟಿದ ಪುಡಿ ಕೆಳಗೆ ಬರಲೆಂದು ಮೊದಲು ಒಂದು ಸುತ್ತು ಯಂತ್ರದಲ್ಲಿ ತಿರುಗಿಸಬೇಕು. ಪ್ರೋಟೀನ್ ಗಾಜಿಗೆ ಅಂಟದಂತೆ ಶುದ್ಧ ನೀರಿಗೆ ಸ್ವಲ್ಪ ಆಲ್ಬುಮಿನ್ ಸೇರಿಸಿ ಅಂಚಿನಿಂದ ಮೆಲ್ಲಗೆ ಬಿಡಬೇಕು. ಕುಲುಕಬಾರದು, ನೊರೆ ಬರಬಾರದು. ಹತ್ತು ನಿಮಿಷ ಕಾದು, ಒಂದೊಂದು ದೊಡ್ಡ ಹನಿಯಂತೆ ಸಣ್ಣ ಟ್ಯೂಬುಗಳಿಗೆ ಹಂಚಿ, ಫ್ರೀಜರಿನಲ್ಲಿ ಮೈನಸ್ ಇಪ್ಪತ್ತರಲ್ಲಿ ಇಡಬೇಕು. ಒಂದು ಸಲಕ್ಕೆ ಒಂದು ಟ್ಯೂಬು. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಈ ಕೊನೆಯ ನಿಯಮವನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ಒಟ್ಟಾಗಿ ಹೇಳಿ ನಗುತ್ತಿದ್ದರು.

ಮೊದಲ ಎರಡು ಸಲ ಕೋಶಗಳು ಸತ್ತಾಗ ಯಾರ ಮೇಲೂ ಬೆರಳು ತೋರಿಸಲಿಲ್ಲ. ಇನ್‌ಕ್ಯುಬೇಟರಿನ ಗಾಳಿ ಅಳೆದೆವು. ಪೋಷಕ ದ್ರವವನ್ನು ಬದಲಿಸಿದೆವು. ಸೋಂಕಿದೆಯೇ ಎಂದು ಪರೀಕ್ಷೆಗೆ ಕಳಿಸಿದೆವು, ಇರಲಿಲ್ಲ. ಪ್ರೋಟೀನ್ ಒದಗಿಸುವವರು ದುಬೈಯ ಅಲ್ ಕೂಜ್‌ನಲ್ಲಿದ್ದರು. ಒಟ್ಟಿಗೆ ತಯಾರಾದ ಇದೇ ಲಾಟ್ ಬೇರೆ ಕಡೆಗೂ ಹೋಗಿದೆ, ದೂರು ಬಂದಿಲ್ಲ ಎಂದು ಅವರು ಉತ್ತರಿಸಿದರು. ಆಗ ನಾನು ಒಂದು ಹೊಸ ವಯಲನ್ನು ನನ್ನ ಕೈಯಾರೆ ಕರಗಿಸಿ, ಆಗಿಂದಾಗಲೇ ಕೋಶಗಳಿಗೆ ಹಾಕಿದೆ. ನಾಲ್ಕನೆಯ ದಿನ ನೋಡಿದರೆ ಎಲ್ಲವೂ ಬೆಳ್ಳಗೆ, ಒಂದು ಎರಡಾಗಿ, ಎರಡು ನಾಲ್ಕಾಗಿ ತುಂಬಿಕೊಂಡಿದ್ದವು. ಅದೇ ವಯಲಿನಲ್ಲಿ ಉಳಿದದ್ದನ್ನು ಕರಗಿಸಿದ ದಿನವೇ ಟ್ಯೂಬುಗಳಿಗೆ ಹಂಚಿ ಫ್ರೀಜರಿನಲ್ಲಿಟ್ಟಿದ್ದೆ. ಮುಂದಿನ ವಾರ ಟೆಕ್ನಿಷಿಯನ್ ಅದರಿಂದಲೇ ತೆಗೆದು ಹಾಕಿದರು. ಅವೇ ಈ ಮೂರನೆಯ ಸಲ ಸತ್ತ ಕೋಶಗಳು.

ವಯಲ್ ಒಂದೇ, ಕೋಶ ಒಂದೇ. ನನ್ನ ಕೈಯಲ್ಲಿ ಬದುಕಿದ್ದು ಅವರ ಕೈಯಲ್ಲಿ ಸತ್ತಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆಂದು ನನಗೆ ಅನ್ನಿಸಲಿಲ್ಲ.

ಮುಖ್ಯಸ್ಥರು ಜೋರ್ಡಾನಿನವರು, ಒಳ್ಳೆಯವರೇ, ಆದರೆ ತಾಳ್ಮೆ ಕಡಿಮೆ. "ಆ ಕುಟುಂಬದ ಮುಂದೆ ಮತ್ತೆ ತೋಳು ಚಾಚಿ ಎಂದು ಹೇಳಲು ನನಗೆ ಮುಖವಿಲ್ಲ. ಯಾರಿಂದ ತಪ್ಪಾಯಿತು, ನನಗೆ ಕಾಗದದಲ್ಲಿ ಬೇಕು. ಯಲ್ಲಾ, ಬೇಗ," ಎಂದರು. ಮಂಗಳವಾರ ನಾನು ಬರೆದುಕೊಟ್ಟೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: 'ಟೆಕ್ನಿಷಿಯನ್ ಪ್ರೋಟೀನನ್ನು ನಿರ್ವಹಿಸುವ ರೀತಿಯಲ್ಲಿ ದೋಷವಿರುವ ಸಂಭವ ಹೆಚ್ಚು.' ಸಂಭವ ಎಂಬ ಮಾತು ಸೇರಿಸಿದ್ದಕ್ಕೆ ನಾನು ಬಹಳ ನ್ಯಾಯವಂತೆ ಎಂದು ನನಗೇ ಅನ್ನಿಸಿತ್ತು.

ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ಹೊಸ ವಾರ ಶುರುವಾದಾಗ ಪ್ಯಾಂಟ್ರಿಯಲ್ಲಿ ಅವರು ಸಿಕ್ಕಿದರು. ಕಪ್ಪು ಚಹಾ ಮಾಡಿಕೊಳ್ಳುತ್ತಿದ್ದರು.

"ಖಲಾಸ್ ಮೇಡಂ, ಸಹಿ ಹಾಕಿ ಬಂದೆ," ಎಂದರು.

"ಯಾವುದಕ್ಕೆ?"

"ತಪ್ಪು ನನ್ನಿಂದಲೇ ಆದದ್ದು ಅಂತ. ಎಚ್‌ಆರ್‌ನವರು ಹೇಳಿದ್ರು, ಒಪ್ಪಿಕೊಂಡು ರಾಜೀನಾಮೆ ಕೊಟ್ರೆ ಬ್ಯಾನ್ ಹಾಕುದಿಲ್ಲ ಅಂತೆ. ಬೇರೆ ಕಡೆ ಕೆಲಸ ನೋಡ್ಬಹುದು. ಇಲ್ಲದಿದ್ರೆ ಆರು ತಿಂಗಳು ಈ ದೇಶಕ್ಕೆ ಬರ್ಲಿಕ್ಕೇ ಇಲ್ಲ."

"ಹಳೆ ಆಸ್ಪತ್ರೆಯಲ್ಲಿ ಕೇಳಿದ್ರಾ?"

"ಕೇಳಿದೆ. ಜಾಗ ಇಲ್ಲ ಅಂದ್ರು. ನೋಡುವ ಮೇಡಂ, ದೇವರಿದ್ದಾನೆ." ಅವರು ನನಗೂ ಒಂದು ಲೋಟ ಚಹಾ ಮಾಡಿ ಕೊಟ್ಟು ಹೋದರು.

ಅವರ ಬಗ್ಗೆ ಪಾಪ ಅನ್ನಿಸಿತು ನಿಜ. ಆದರೆ ಅದರ ಜೊತೆಗೆ ಒಂದು ಸಮಾಧಾನವೂ ಆಯಿತು, ನಾನು ಬರೆದದ್ದು ಸರಿಯೆಂದು ಅವರೇ ಒಪ್ಪಿಕೊಂಡರಲ್ಲ ಎಂದು. ಆ ಸಮಾಧಾನ ಅರ್ಧ ಗಂಟೆ ಉಳಿಯಿತು.

ಫೈಲು ಮುಗಿಸುವ ಮೊದಲು ಎಷ್ಟು ಟ್ಯೂಬು ಉಳಿದಿವೆ ಎಂದು ಎಣಿಸಲು ಫ್ರೀಜರ್ ತೆರೆದೆ. ಹಿಂದಿನ ಗುರುವಾರ ಅವಸರದಲ್ಲಿ ನಾನು ಟ್ಯೂಬುಗಳ ಪೆಟ್ಟಿಗೆಯನ್ನು ಒಳಗೆ ತಳ್ಳುವಾಗ ಅದು ಪಕ್ಕಕ್ಕೆ ಮಗುಚಿತ್ತು. ಒಳಗಿನ ಟ್ಯೂಬುಗಳು ಮಲಗಿಕೊಂಡಿದ್ದವು. ಎಲ್ಲ ಕಲ್ಲಿನಂತೆ ಗಟ್ಟಿಯಾಗಿದೆಯಲ್ಲ, ಚೆಲ್ಲುವುದೇನಿದೆ ಎಂದು ಹಾಗೇ ಬಿಟ್ಟು ಹೋಗಿದ್ದೆ. ಈಗ ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ನಿಲ್ಲಿಸಿ ಹೆಪ್ಪುಗಟ್ಟಿಸಿದ ಟ್ಯೂಬು ಅದು, ಐಸ್ ತಳದ ಮೊನೆಯಲ್ಲಿ ಇರಬೇಕಿತ್ತು. ಅದು ಟ್ಯೂಬಿನ ಒಂದು ಬದಿಗೆ ಉದ್ದಕ್ಕೆ ಅಂಟಿಕೊಂಡಿತ್ತು. ಇನ್ನೊಂದನ್ನು ನೋಡಿದೆ. ಅದರಲ್ಲೂ ಹಾಗೆಯೇ.

ಐಸ್ ಹರಿಯುವುದಿಲ್ಲ. ಗುರುವಾರದಿಂದ ಭಾನುವಾರದೊಳಗೆ ಆ ಹನಿಗಳು ಕರಗಿ, ಬದಿಗೆ ಹರಿದು, ಮತ್ತೆ ಹೆಪ್ಪುಗಟ್ಟಿದ್ದವು. ವಾರಾಂತ್ಯದಲ್ಲಿ ಕರೆಂಟು ಹೋಗಿರಲಿಲ್ಲ, ಬಾಗಿಲು ತೆರೆದಿರಲಿಲ್ಲ.

ಕರಗಿಸಿದ್ದು ಫ್ರೀಜರೇ. ಆ ಫ್ರೀಜರನ್ನು ಆರಿಸಿದವಳು ನಾನು.

ನಮ್ಮ ಹಳೆಯ ಫ್ರೀಜರಿನಲ್ಲಿ ಐಸ್ ಗೋಡೆಗೋಡೆಯಾಗಿ ಕಟ್ಟುತ್ತಿತ್ತು. ಬೇಸಿಗೆಯ ತೇವಕ್ಕೆ ಬಾಗಿಲೇ ಮುಚ್ಚುತ್ತಿರಲಿಲ್ಲ, ಟ್ಯೂಬಿನ ಲೇಬಲ್‌ಗಳು ಕಿತ್ತುಬರುತ್ತಿದ್ದವು. ಲ್ಯಾಬಿಗೆಂದೇ ಮಾಡಿದ ಫ್ರೀಜರ್ ಬೇಕೆಂದರೆ ಮೂರು ಕಡೆಯ ಕೊಟೇಷನ್, ನಾಲ್ಕು ಕಡೆಯ ಒಪ್ಪಿಗೆ, ತಿಂಗಳುಗಟ್ಟಲೆ ಕಾಯುವುದು. ಜಗಳವಾಡಿ ಸಾಕಾಗಿ, ಜೂನ್ ತಿಂಗಳಲ್ಲಿ ಖರೀದಿ ವಿಭಾಗದವರನ್ನು ನಾನೇ ಹೈಪರ್‌ಮಾರ್ಕೆಟಿಗೆ ಕರೆದುಕೊಂಡು ಹೋಗಿ, ನಮ್ಮ ಮನೆಯಲ್ಲಿ ಐದು ವರ್ಷದಿಂದ ಇರುವಂಥದ್ದೇ ನೋ ಫ್ರಾಸ್ಟ್ ಫ್ರೀಜರ್ ಕೊಡಿಸಿದೆ. ಮೀನಾ ಬಂದರಿನ ಮಾರ್ಕೆಟಿನಿಂದ ತಂದ ಬಂಗುಡೆ ಅದರಲ್ಲಿ ತಿಂಗಳು ಕಳೆದರೂ ಹಾಳಾಗದು, ಒಂದು ಚೂರು ಐಸ್ ಕಟ್ಟದು ಎಂದು ಲ್ಯಾಬಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಅದು ಬಂದ ದಿನ ಟೆಕ್ನಿಷಿಯನ್ ಒಳಗೆ ಇಣುಕಿ ನೋಡಿ, "ಮೇಡಂ, ಐಸ್ ಕಟ್ಟುದಿಲ್ಲ ಅಂದ್ರೆ ಅದು ಹೋಗುದು ಎಲ್ಲಿಗೆ? ಆಸ್ಪತ್ರೆಯಲ್ಲಿ ನಾವು ಕೆರೆಸಿ ಕೆರೆಸಿ ತೆಗೀತಿದ್ದೆವು," ಎಂದಿದ್ದರು. "ಎಲ್ಲಿಗಾದ್ರೂ ಹೋಗ್ಲಿ, ನಿಮಗೆ ಕೆರೆಸುವ ಕೆಲಸ ತಪ್ಪಿತಲ್ಲ, ಖುಷಿಪಡಿ," ಎಂದು ನಾನು ಎಲ್ಲರೆದುರು ನಗಾಡಿದ್ದೆ.

ಹೋಗುವುದು ಎಲ್ಲಿಗೆ ಎಂದು ಈಗ ಕೂತು ಓದಿದೆ. ಅಂಥ ಫ್ರೀಜರಿನೊಳಗೆ ಸಣ್ಣ ಹೀಟರ್ ಇರುತ್ತದೆ. ಆಗಾಗ ಅದು ತಾನಾಗಿ ಬಿಸಿಯಾಗಿ, ಕಟ್ಟಿದ ಐಸನ್ನು ಕರಗಿಸಿ ಹೊರಗೆ ಬಿಡುತ್ತದೆ. ಒಂದು ಕಿಲೋ ಬಂಗುಡೆಗೆ ಆ ಬಿಸಿ ತಾಗುವುದೂ ಇಲ್ಲ. ಒಂದು ಹನಿ ಪ್ರೋಟೀನಿಗೆ ತಾಗುತ್ತದೆ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು ಎಂದು ನಾನು ಊರಿಗೆಲ್ಲ ಉಪದೇಶ ಮಾಡುತ್ತಿದ್ದಾಗ, ನಾನು ತಂದ ಫ್ರೀಜರ್ ಪ್ರತಿದಿನ ಅದನ್ನೇ ಮಾಡುತ್ತಿತ್ತು. ಪ್ರತಿ ವಯಲಿನ ಜೊತೆ ಒಂದು ಮಡಿಸಿದ ಹಾಳೆ ಬರುತ್ತದೆ. ಅವನ್ನೆಲ್ಲ ನಾನು ಶಿಸ್ತಾಗಿ ಫೈಲು ಮಾಡಿಟ್ಟಿದ್ದೆ. ತೆಗೆದು ನೋಡಿದರೆ ಪ್ರತಿಯೊಂದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಕೈಯಿಂದ ಐಸ್ ತೆಗೆಯುವಂಥ ಫ್ರೀಜರನ್ನೇ ಬಳಸಿ ಎಂದು ಬರೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಶಾಲೆಯಲ್ಲಿ ಕಲಿತಿದ್ದೆ. ಬರೆ ಹಾಕಿದ ಕೈ ನನ್ನದೇ ಆಗಿತ್ತು.

ಆದರೂ ಓದಿದ್ದು ಸಾಲದು, ಸಾಬೀತಾಗಬೇಕಿತ್ತು. ಪ್ರೊಬೇಷನ್ ಮುಗಿಯುವುದು ಗುರುವಾರ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಒಂದು ಥರ್ಮಾಮೀಟರನ್ನು ಟ್ಯೂಬುಗಳ ಪಕ್ಕದಲ್ಲಿಟ್ಟೆ. ಲ್ಯಾಬಿನ ಡ್ರೈವರನ್ನು ಕರೆದುಕೊಂಡು ಮಧ್ಯಾಹ್ನವೇ ದುಬೈಗೆ ಹೊರಟೆ. ಅಲ್ ಕೂಜ್‌ನ ಗೋದಾಮಿನಲ್ಲಿ ಸ್ಟೋರಿನವರು ಕೋಲ್ಡ್ ರೂಮಿನಿಂದ ಅದೇ ಲಾಟಿನ ಒಂದು ವಯಲ್ ತಂದು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಕೊಟ್ಟರು. "ಒಂದು ವಯಲಿಗೋಸ್ಕರ ಅಬುಧಾಬಿಯಿಂದ ಬಂದ್ರಾ?" ಎಂದು ಸ್ಟೋರಿನ ಮಲಯಾಳಿ ನಕ್ಕರು. ನನಗೆ ನಗು ಬರಲಿಲ್ಲ. ವಾಪಸು ಬರುವಾಗ ಶೇಖ್ ಜಾಯೆದ್ ರಸ್ತೆಯ ಉದ್ದಕ್ಕೂ ಆ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಥರ್ಮಾಮೀಟರ್ ನೋಡಿದೆ. ಅತಿ ಕಡಿಮೆ ಮೈನಸ್ ಇಪ್ಪತ್ತೆರಡು. ಅತಿ ಹೆಚ್ಚು, ಪ್ಲಸ್ ನಾಲ್ಕು.

ಪರೀಕ್ಷೆಗೆ ಇಲಿಯ ಕೋಶಗಳ ಒಂದು ತಳಿ ಇದೆ. ಇಂಟರ್‌ಲ್ಯೂಕಿನ್-2 ಇಲ್ಲದಿದ್ದರೆ ಎರಡು ದಿನವೂ ಬದುಕದ ತಳಿ ಅದು. ಅವನ್ನು ಗುಂಡಿಗುಂಡಿಯ ತಟ್ಟೆಯಲ್ಲಿ ಮೂರು ಸಾಲು ಮಾಡಿದೆ. ಒಂದು ಸಾಲಿಗೆ ಹೊಸ ವಯಲಿನಿಂದ ಆಗಷ್ಟೇ ಕರಗಿಸಿದ ಪ್ರೋಟೀನ್. ಇನ್ನೊಂದಕ್ಕೆ ಫ್ರೀಜರಿನ ಟ್ಯೂಬಿನದು. ಮೂರನೆಯದಕ್ಕೆ ಏನೂ ಇಲ್ಲ. ಪ್ರತಿ ಸಾಲಿನ ಅರ್ಧವನ್ನು ನಾನು ಹಾಕುವುದು, ಉಳಿದರ್ಧವನ್ನು ಟೆಕ್ನಿಷಿಯನ್ ಹಾಕುವುದು. ಅವರನ್ನು ಕರೆದೆ.

"ನನ್ನ ಕೈಯಲ್ಲಿ ಬೇಡ ಮೇಡಂ. ಪುನಃ ಹಾಳಾದ್ರೆ?"

"ನೀವು ಹಾಕ್ಲೇಬೇಕು. ಒಂದು ಟೆಸ್ಟ್ ಉಂಟು."

"ಎಂಥ ಟೆಸ್ಟ್?"

"ಆಮೇಲೆ ಹೇಳ್ತೇನೆ ಮಾರಾಯ್ರೆ, ಈಗ ಹಾಕಿ."

ಹೇಳಲು ನನ್ನಿಂದಾಗಲಿಲ್ಲ. ಫಲಿತಾಂಶ ಬರಲಿ, ಸುಮ್ಮನೆ ಆಸೆ ಹುಟ್ಟಿಸಬಾರದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಮಂಗಳವಾರ ಇಡೀ ದಿನ ನಾನು ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಹಳೆಯ ಫ್ರೀಜರ್ ಇನ್ನೂ ಕಾರಿಡಾರಿನಲ್ಲಿ ಇತ್ತು. ಅದನ್ನು ಸದ್ದಿಲ್ಲದೆ ಒಳಗೆ ತಂದರೆ ಸಾಕು, ಮುಂದಿನ ವಾರದಿಂದ ಕೋಶಗಳು ಬದುಕುತ್ತವೆ. ಅವರು ಒಪ್ಪಿಕೊಂಡು ಸಹಿ ಹಾಕಿದ್ದಾರೆ. ಅವರು ಹೋದ ಮೇಲೆ ಎಲ್ಲ ಸರಿಹೋಯಿತು ಎಂದರೆ ನನ್ನ ವರದಿ ಇನ್ನಷ್ಟು ಗಟ್ಟಿಯಾಗುತ್ತದೆ. ಮುಸಫ್ಫಾದ ಕೈಗಾರಿಕಾ ಪ್ರದೇಶದಿಂದ ಕೆಲಸ ಮುಗಿಸಿ ಬಂದ ಗಂಡನಿಗೆ ಎಲ್ಲ ಹೇಳಿದೆ. "ಅವನೇ ಸಹಿ ಹಾಕಿದ್ದಾನಲ್ಲ, ನೀನ್ಯಾಕೆ ಮೈಮೇಲೆ ಎಳ್ಕೊಳ್ತೀ?" ಎಂದರು. ನಾನು ಕೇಳಬೇಕೆಂದಿದ್ದ ಮಾತು ಅದೇ. ಆದರೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಾಚಿಕೆಯಾಯಿತು. ಊಟ ಬಿಟ್ಟು ಎದ್ದು, ಟೇಬಲ್ಲಿನ ಮೂಲೆಯಲ್ಲಿ ಕೂತು, ಮುಖ್ಯಸ್ಥರಿಗೆ ಒಂದು ಪತ್ರ ಬರೆದೆ. ಫಲಿತಾಂಶ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟೆ.

ಬುಧವಾರ ಬೆಳಿಗ್ಗೆ ನೀಲಿ ಹಾಕಿ ಎಣಿಸಿದೆವು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಏನೂ ಹಾಕದ ಸಾಲು, ನೀಲಿ. ಫ್ರೀಜರಿನ ಸಾಲು, ನಾನು ಹಾಕಿದ್ದೂ ಅವರು ಹಾಕಿದ್ದೂ, ಹೆಚ್ಚುಕಡಿಮೆ ಎಲ್ಲ ನೀಲಿ. ಹೊಸ ವಯಲಿನ ಸಾಲಿಗೆ ಬಂದಾಗ ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ನಾನು ಬಗ್ಗಿ ನೋಡಿದೆ. ನನ್ನ ಅರ್ಧ ಬೆಳ್ಳಗಿತ್ತು. ಅವರ ಅರ್ಧವೂ ಅಷ್ಟೇ ಬೆಳ್ಳಗೆ ಹೊಳೆಯುತ್ತಿತ್ತು.

"ಇದು ನಾನು ಹಾಕಿದ್ದಾ ಮೇಡಂ?" ಎಂದು ಕೇಳಿದರು.

"ಹೌದು," ಎಂದೆ. ಥರ್ಮಾಮೀಟರಿನ ಅಂಕಿಗಳನ್ನು ತೋರಿಸಿದೆ. ಅವರು ಫ್ರೀಜರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಕಾಗದಗಳನ್ನು ಎತ್ತಿಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ.

ಅವರು ತಟ್ಟೆಯ ಎಣಿಕೆ ನೋಡಿ ತಲೆ ಆಡಿಸಿದರು. "ಸರಿ, ಒಳ್ಳೆಯ ಕೆಲಸ. ಸರಿಯಾದ ಫ್ರೀಜರ್ ತರಿಸೋಣ. ಆದರೆ ಆತ ಸಹಿ ಹಾಕಿಯಾಗಿದೆ, ನಾಳೆ ಕೊನೆಯ ದಿನ. ಖಲಾಸ್."

"ಅವರು ಮಾಡದ ತಪ್ಪಿಗೆ ಸಹಿ ಹಾಕಿದ್ದಾರೆ ಡಾಕ್ಟರ್. ನನ್ನ ವರದಿ ನೋಡಿ ಹಾಕಿದ್ದು. ಆ ವರದಿಯನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ." ಪತ್ರವನ್ನು ಮುಂದಿಟ್ಟೆ. ಫ್ರೀಜರ್ ಆರಿಸಿದ್ದು ನಾನು, ಸೂಚನೆಯ ಹಾಳೆ ಓದದೆ ಇದ್ದದ್ದು ನಾನು, ಟೆಕ್ನಿಷಿಯನ್ ಕೇಳಿದ ಪ್ರಶ್ನೆಯನ್ನು ತಳ್ಳಿಹಾಕಿದ್ದು ನಾನು ಎಂದು ಅದರಲ್ಲಿ ಸಾಲಾಗಿ ಬರೆದಿದ್ದೆ.

ಅವರು ಎರಡು ಸಲ ಓದಿದರು. "ಇದು ನಿನ್ನ ಫೈಲಿನಲ್ಲಿ ಉಳಿಯುತ್ತದೆ. ಮುಂದೆ ಯಾರು ಬಂದರೂ ಓದುತ್ತಾರೆ, ಗೊತ್ತಾ?"

"ಗೊತ್ತು." ಧೈರ್ಯದಿಂದ ನಿಂತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಮೇಲ್ವಿಚಾರಣೆ ಇನ್ನು ನಿನ್ನ ಕೈಯಲ್ಲಿ ಬೇಡ," ಎಂದು ಫೋನ್ ಎತ್ತಿದರು. ಎಚ್‌ಆರ್‌ನವರು ಸುಲಭದಲ್ಲಿ ಒಪ್ಪಲಿಲ್ಲ. ವೀಸಾ ಕ್ಯಾನ್ಸಲ್ ಮಾಡುವ ಅರ್ಜಿ ಟೈಪಾಗಿತ್ತು, ಇನ್ನು ಸಿಸ್ಟಮಿಗೆ ಹಾಕುವುದೊಂದೇ ಬಾಕಿ. ಗುರುವಾರ ಬೆಳಿಗ್ಗೆಯಿಂದ ನಾನು ಅವರ ಕೌಂಟರಿನ ಮುಂದೆಯೇ ಕೂತಿದ್ದೆ, ಎದ್ದು ಹೋದರೆ ಮರೆತುಬಿಡುತ್ತಾರೋ ಎಂಬ ಹೆದರಿಕೆ. ಮಧ್ಯಾಹ್ನ ಒಂದೂವರೆಗೆ, ವಾರ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿರುವಾಗ, ಟೆಕ್ನಿಷಿಯನ್ನರ ರಾಜೀನಾಮೆಯನ್ನು ಹರಿದು ಕೆಲಸ ಕಾಯಂ ಮಾಡಿದ ಪತ್ರ ಕೊಟ್ಟರು.

ಪತ್ರ ಹಿಡಿದು ಪ್ಯಾಂಟ್ರಿಗೆ ಓಡಿದೆ. ಅವರು ಓದಿದರು, ಮಡಿಸಿದರು, ಅಂಗಿಯ ಜೇಬಿಗೆ ಹಾಕಿಕೊಂಡರು. "ಕಂಗ್ರಾಜುಲೇಷನ್ಸ್ ಮಾರಾಯ್ರೆ!" ಎಂದೆ. "ಥ್ಯಾಂಕ್ಸ್ ಮೇಡಂ," ಎಂದರು. ಮುಖದಲ್ಲಿ ನಗುವಿರಲಿಲ್ಲ. ಆಮೇಲೆ ಹೇಳಿದರು:

"ಒಂದು ಉಪಕಾರ ಮಾಡ್ಬೇಕು. ನನ್ನ ಹೆಂಡತಿಗೆ ಒಂದು ಫೋನ್ ಮಾಡಿ ಹೇಳ್ತೀರಾ? ನಾನೇ ಹೇಳಿದ್ರೆ ಮರ್ಯಾದೆ ಉಳಿಸ್ಲಿಕ್ಕೆ ಹೇಳ್ತಾರೆ ಅಂತ ಗ್ರಹಿಸ್ತಾಳೆ. ನನ್ನಿಂದಲೇ ಹಾಳಾಯ್ತು ಅಂತ ನಾನೇ ಅವಳತ್ರ ಹೇಳಿಬಿಟ್ಟಿದ್ದೆ."

"ಯಾಕೆ ಹಾಗೆ ಹೇಳಿದ್ರಿ? ನೀವು ಮಾಡಿಲ್ಲ ಅಂತ ನಿಮಗೆ ಗೊತ್ತಿರಲಿಲ್ವಾ?"

"ಎಲ್ಲಿ ಗೊತ್ತು ಮೇಡಂ? ನೀವು ಬರೆದಿದ್ರಿ. ನೀವು ಬರೆದ ಮೇಲೆ ನನ್ನದೇ ತಪ್ಪಿರ್ಬೇಕು ಅಂತ ನನಗೂ ಅನಿಸಿತು."

ನಂಬರು ಹಚ್ಚಿಕೊಡಿ ಎಂದು ಕೈ ಚಾಚಿದೆ. ಅವರ ಫೋನಿನಿಂದಲೇ ಕಾರ್ಕಳಕ್ಕೆ ಕರೆ ಹೋಯಿತು. ಅವರು ಬೆನ್ನು ತಿರುಗಿಸಿ ಸಿಂಕಿನಲ್ಲಿ ಲೋಟ ತೊಳೆಯತೊಡಗಿದರು. ನಾನು ತುಳುವಿನಲ್ಲಿ ಆ ಹೆಂಗಸಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ, ಫ್ರೀಜರಿನ ವಿಷಯ, ಹೀಟರಿನ ವಿಷಯ, ಕೆಲಸ ಕಾಯಂ ಆದ ವಿಷಯ. ಕೊನೆಗೆ, "ತಪ್ಪು ಎನ್ನ, ಆರೆನ ಅತ್ತ್," ಎಂದೆ. ತಪ್ಪು ನನ್ನದು, ಅವರದಲ್ಲ.

ಆ ಕಡೆಯಿಂದ ಆಕೆ, "ಅದು ನನಗೆ ಗೊತ್ತಿತ್ತು ಬಾಯಮ್ಮ," ಎಂದರು. "ಗೊತ್ತಿಲ್ಲದಿದ್ದದ್ದು ಅವರಿಗೆ. ಅವರತ್ರ ಹೇಳಿದ್ರಾ?"

ಮುಖ್ಯಸ್ಥರಿಗೆ ಹೇಳಿದ್ದೆ, ಎಚ್‌ಆರ್‌ನವರಿಗೆ ಹೇಳಿದ್ದೆ, ಕಾಗದದಲ್ಲಿ ಬರೆದಿದ್ದೆ. ಇವರಿಗೆ ತಟ್ಟೆ ತೋರಿಸಿದ್ದೆ, ಥರ್ಮಾಮೀಟರ್ ತೋರಿಸಿದ್ದೆ, ಕಂಗ್ರಾಜುಲೇಷನ್ಸ್ ಎಂದಿದ್ದೆ. ಹೇಳಿರಲಿಲ್ಲ.

ಫೋನನ್ನು ಕಿವಿಯಿಂದ ಇಳಿಸಿ ಅವರ ಬೆನ್ನಿಗೆ ಹೇಳಿದೆ, "ತಪ್ಪು ಎನ್ನ. ಈರೆನ ಅತ್ತ್." ನಿಮ್ಮದಲ್ಲ.

ಅವರು ನಲ್ಲಿ ನಿಲ್ಲಿಸಿದರು. ಸಹಿ ಹಾಕಿ ಬಂದ ದಿನ ನನಗೆ ಚಹಾ ಮಾಡಿಕೊಟ್ಟ ಮನುಷ್ಯ, ಈಗ ಸಿಂಕಿನ ಅಂಚು ಹಿಡಿದುಕೊಂಡು ಅಳತೊಡಗಿದರು. ಫೋನಿನಲ್ಲಿ ಅವರ ಹೆಂಡತಿ ಹಲೋ, ಹಲೋ ಎನ್ನುತ್ತಿದ್ದರು. ನಾನು ಫೋನನ್ನು ಅವರ ಒದ್ದೆ ಕೈಗೆ ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದೆ.